ಸಿದ್ದಮ್ಮನ ಚೀಲ ತೆರೆಸಿದ ಕ್ಯಾಮೆರಾ

2006ರ ದಸರಾ ಮುಗಿದ ಮಾರನೆಯ ವಾರ ನಡೆದದ್ದು. ಆಗ ನಾನು ಬನ್ನಿಮಂಟಪದ ಹತ್ತಿರ ಒಂದು ಖಾಸಗಿ ಕಂಪನಿಯ ನಾಲ್ಕು ಅಂತಸ್ತಿನ ಕಟ್ಟಡದಲ್ಲಿ ಟೆಕ್ನಿಷಿಯನ್ ಆಗಿದ್ದೆ. ಕೃಷ್ಣಮೂರ್ತಿಪುರಂನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಬಾಗಿಲು, ಲಿಫ್ಟು, ಹದಿನಾರು ಕ್ಯಾಮೆರಾ ಎಲ್ಲವನ್ನೂ ಒಂದೇ ಕಂಪ್ಯೂಟರಿನಿಂದ ನೋಡಿಕೊಳ್ಳುವ ಸಾಫ್ಟ್‌ವೇರ್ ನಮ್ಮಲ್ಲಿಗೆ ಹೊಸದಾಗಿ ಬಂದಿತ್ತು. ಅದರಲ್ಲಿ ಪ್ರತಿ ಬಾಗಿಲಿಗೂ ಒಂದು ಪಾಯಿಂಟ್, ಅಂದರೆ ಹೆಸರು ಕೊಟ್ಟ ಒಂದು ನಮೂದು ಮಾಡಿ, ಆ ಪಾಯಿಂಟಿಗೆ ಎದುರಿನ ಕ್ಯಾಮೆರಾವನ್ನು ಹೊಂದಿಸಬೇಕು. ಆಮೇಲೆ ಬಾಗಿಲು ತೆರೆದಾಗಲೆಲ್ಲ ಅದರ ಹೊತ್ತು ದಾಖಲಾಗಿ, ಆ ಕ್ಷಣದ ಚಿತ್ರವೂ ಪಕ್ಕದಲ್ಲೇ ಬರುತ್ತಿತ್ತು. ಮೂರು ವಾರ ಕೂತು ಎಲ್ಲವನ್ನೂ ನಾನೇ ಹೊಂದಿಸಿದ್ದೆ. ಆ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಅವತ್ತು ಬೆಳಿಗ್ಗೆ ಮ್ಯಾನೇಜರ್ ಕರೆದರು. ಎರಡನೇ ಮಹಡಿಯ ಸ್ಟೋರ್ ರೂಮಿನಲ್ಲಿದ್ದ ಹೊಸ ಲ್ಯಾಪ್‌ಟಾಪ್ ಕಾಣೆಯಾಗಿತ್ತು. ಹಗಲು ಆ ಕೋಣೆಗೆ ಬೀಗ ಹಾಕುತ್ತಿರಲಿಲ್ಲ. ಹಿಂದಿನ ದಿನದ ದಾಖಲೆ ತೆಗೆದೆ. ಬಾಗಿಲು ಐದು ಸಲ ತೆರೆದಿತ್ತು. ಹನ್ನೊಂದೂ ಇಪ್ಪತ್ತರ ಚಿತ್ರ ಒತ್ತಿದರೆ, ಕೈಯಲ್ಲಿ ಬಕೆಟ್ಟು, ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡು ಒಳಗೆ ಹೋಗುತ್ತಿರುವ ಸಿದ್ದಮ್ಮ. ಚಿತ್ರದ ಮೇಲೆ ದಪ್ಪಕ್ಷರದಲ್ಲಿ ‘ಸ್ಟೋರ್ ರೂಮ್’ ಎಂದು ಹೆಸರು. “ಸಾಕು, ಇನ್ನೇನು ಬೇಕು?” ಎಂದು ಮ್ಯಾನೇಜರ್ ಎದ್ದೇಬಿಟ್ಟರು. ಉಳಿದ ನಾಲ್ಕು ಚಿತ್ರಗಳನ್ನು ನಾನೂ ನೋಡಲಿಲ್ಲ.

ಸಿದ್ದಮ್ಮ ನಮ್ಮಲ್ಲಿ ಕಸ ಗುಡಿಸಿ ನೆಲ ಒರೆಸುವ ಹೆಂಗಸು. ಮಂಡಕಳ್ಳಿಯಿಂದ ಬರುತ್ತಿದ್ದರು. ಕಟ್ಟಡ ಶುರುವಾದ ದಿನದಿಂದ ಅಲ್ಲೇ ಇದ್ದವರು. ಅವರನ್ನು ಕೆಳಗೆ ರಿಸೆಪ್ಷನ್ನಿನಲ್ಲಿ, ಇಪ್ಪತ್ತು ಜನರ ಎದುರು ನಿಲ್ಲಿಸಿದರು.

“ಲ್ಯಾಪ್‌ಟಾಪ್ ಎಲ್ಲಿ?” ಎಂದರು ಮ್ಯಾನೇಜರ್.

“ನಾನು ಆ ರೂಮಿಗೇ ವೋಗಿಲ್ಲ ಸ್ವಾಮಿ. ಬಕೆಟ್ ಇಡಾಕೆ ಆ ಕಡೆ ಪೊರಕೆ ಕೋಣೆಗೆ ವೋಗಿದ್ದೆ.”

“ಹಾಗಾದ್ರೆ ಕ್ಯಾಮೆರಾ ಸುಳ್ಳು ಹೇಳುತ್ತಾ?” ಎಂದವರು ನನ್ನ ಕಡೆ ತಿರುಗಿದರು. “ನೀವು ಹೆಂಗಸು. ಇವಳ ಚೀಲ ನೀವೇ ನೋಡಿ.”

ಹಿಂದಿನ ದಿನ ಕಾಣೆಯಾದ ಲ್ಯಾಪ್‌ಟಾಪ್ ಇವತ್ತಿನ ಚೀಲದಲ್ಲಿ ಇರುತ್ತದೆಯೇ? ಆ ಪ್ರಶ್ನೆ ಅಲ್ಲಿದ್ದ ಇಪ್ಪತ್ತು ಓದಿದವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಚೀಲದಲ್ಲಿ ಎಲೆಅಡಿಕೆ ಸಂಚಿ, ಒಂದು ಟವಲು, ಊಟದ ಡಬ್ಬಿ ಇದ್ದವು. “ಡಬ್ಬೀನೂ ತೆಗೀರಿ” ಎಂದರು. ತೆಗೆದೆ. ಮುದ್ದೆ ಇತ್ತು.

“ನೀವೂ ನಂಬಕ್ಕಿಲ್ವಾ ಅವ್ವಾ?” ಎಂದು ಸಿದ್ದಮ್ಮ ಕೇಳಿದರು. “ಚಿತ್ರದಲ್ಲಿ ನೀವೇ ಇದ್ದೀರಲ್ಲ” ಎಂದೆ. ಅವರ ಗುರುತಿನ ಚೀಟಿ ಕಿತ್ತುಕೊಂಡು, ಪೊಲೀಸರಿಗೆ ಹೇಳುತ್ತೇವೆ ಎಂದು ಹೆದರಿಸಿ ಹೊರಗೆ ಕಳಿಸಿದರು.

ಮಧ್ಯಾಹ್ನ ಪೊಲೀಸ್ ದೂರಿನ ಜೊತೆ ಕೊಡಲು ಐದೂ ಚಿತ್ರಗಳನ್ನು ಪ್ರಿಂಟ್ ಮಾಡಲು ಕೂತೆ. ಉಳಿದ ನಾಲ್ಕರಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅಷ್ಟೇ ಅಲ್ಲ, ಬಾಗಿಲೇ ಮುಚ್ಚಿತ್ತು. ಬಾಗಿಲು ತೆರೆಯಿತು ಎಂದು ದಾಖಲೆ ಹೇಳುತ್ತಿದೆ, ಚಿತ್ರದಲ್ಲಿ ಬಾಗಿಲು ಮುಚ್ಚಿದೆ! ಸೆಕ್ಯುರಿಟಿಯವರನ್ನು ಮೇಲೆ ಕಳಿಸಿ, ಸ್ಟೋರ್ ರೂಮಿನ ಬಾಗಿಲು ತೆರೆದು ನಿಲ್ಲಲು ಹೇಳಿದೆ. ‘ಸ್ಟೋರ್ ರೂಮ್’ ಎಂದಿದ್ದ ಚಿತ್ರ ಖಾಲಿ. ಅವರು ‘ಪೊರಕೆ ಕೋಣೆ’ ಎಂದಿದ್ದ ಚಿತ್ರದಲ್ಲಿ ನಿಂತು ಕೈ ಆಡಿಸುತ್ತಿದ್ದರು. ಎರಡೂ ಕಡೆ ಅದೇ ಬಿಳಿ ಟೈಲ್ಸು, ಅದೇ ಕಂದು ಬಾಗಿಲು.

ಆಗ ಆಯುಧಪೂಜೆ ನೆನಪಾಯಿತು. ಯಂತ್ರಗಳನ್ನೆಲ್ಲ ಒರೆಸದೆ ಪೂಜೆ ಮಾಡುವುದು ಹೇಗೆಂದು, ಕ್ಯಾಮೆರಾಗಳ ಪೆಟ್ಟಿಗೆಯ ಹಿಂದಿನ ಹದಿನಾರು ವೈರ್‌ಗಳನ್ನೂ ನಾನೇ ಕಿತ್ತಿದ್ದೆ. ಒದ್ದೆ ಬಟ್ಟೆಯಲ್ಲಿ ಧೂಳಿನ ಜೊತೆಗೆ ವೈರ್‌ಗಳ ಮೇಲೆ ಪೆನ್ನಿನಲ್ಲಿ ಬರೆದಿದ್ದ ನಂಬರುಗಳೂ ಅಳಿಸಿಹೋಗಿದ್ದವು. ನೆನಪಿನ ಮೇಲೆ ಮತ್ತೆ ಸಿಕ್ಕಿಸಿ, ಅರಿಶಿನ ಕುಂಕುಮ ಇಟ್ಟು, ಹದಿನಾರು ಚಿತ್ರವೂ ಬರುತ್ತಿದೆ ಎಂದು ಖುಷಿಯಾಗಿ ಕಡ್ಲೆಪುರಿ ತಿನ್ನಲು ಹೋಗಿದ್ದೆ. ಸ್ಟೋರ್ ರೂಮಿನ ವೈರೂ ಪೊರಕೆ ಕೋಣೆಯ ವೈರೂ ಅದಲುಬದಲಾಗಿದ್ದವು.

ಸರಿಯಾದ ಕ್ಯಾಮೆರಾದ ಹನ್ನೊಂದೂ ಇಪ್ಪತ್ತರ ಚಿತ್ರ ತೆಗೆದೆ. ಲ್ಯಾಪ್‌ಟಾಪ್ ಹೊತ್ತು ಹೊರಗೆ ಬರುತ್ತಿದ್ದವರು ನಮ್ಮ ಮಾರ್ಕೆಟಿಂಗ್ ಅಧಿಕಾರಿ! ಬೆಂಗಳೂರಿನಲ್ಲಿದ್ದ ಅವರಿಗೆ ಫೋನ್ ಮಾಡಿದರೆ, “ಅರ್ಜೆಂಟ್ ಮೀಟಿಂಗ್ ಇತ್ತು ಕಣ್ರೀ, ಬಂದ್ಮೇಲೆ ರಿಜಿಸ್ಟರಿನಲ್ಲಿ ಬರೆದ್ರಾಯ್ತು ಅಂತ ತಂದ್ಬಿಟ್ಟೆ” ಎಂದರು.

ಮ್ಯಾನೇಜರ್ ನಕ್ಕುಬಿಟ್ಟರು. “ಸದ್ಯ, ಸಿಕ್ತಲ್ಲ ಬಿಡಿ.”

ನನಗೆ ಮೈಯೆಲ್ಲ ಉರಿದುಹೋಯಿತು. “ಸಾರ್, ವೈರ್ ತಪ್ಪು ನನ್ನದು. ಆದರೆ ಸಿದ್ದಮ್ಮನಿಗೆ ಕಳ್ಳಿ ಅನ್ನೋ ಹೆಸರು ಬಂದಿದ್ದು ಎಲ್ಲರ ಎದುರು. ಎಲ್ಲರ ಎದುರೇ ತಪ್ಪಾಯ್ತು ಅನ್ನಿ” ಎಂದೆ.

“ಕೆಲಸ ವಾಪಸ್ ಕೊಡ್ತಿದ್ದೀವಲ್ಲ. ಕಸ ಗುಡಿಸೋರತ್ರ ಕ್ಷಮೆ ಬೇರೆ ಕೇಳ್ಬೇಕೇನ್ರೀ?” ಎಂದರು ಆ ಪುಣ್ಯಾತ್ಮರು.

ಮಾರನೆಯ ದಿನ ರಜೆ ಹಾಕಿ ಮಂಡಕಳ್ಳಿಗೆ ಹೋದೆ. ಸಿದ್ದಮ್ಮ ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದರು. ವೈರಿನ ಕಥೆಯನ್ನೆಲ್ಲ ಹೇಳಿ ಕೈಮುಗಿದೆ. ಕೆಲಸಕ್ಕೆ ಬನ್ನಿ ಎಂದೆ.

“ವೈರು ತಪ್ಪಾದ್ದು ಇರ್ಲಿ ಬುಡಿ ಕಣವ್ವ, ಅಬ್ಬದ ಗಡಿಬಿಡೀಲಿ ಯಾರ್ಗಾದ್ರೂ ಆಯ್ತದೆ” ಎಂದರು. “ಪೊರಕೆ ಕೋಣೇಲಿದ್ದೆ ಅಂತ ನಾನು ಬಾಯ್ಬಿಟ್ಟು ಯೋಳುದ್ನಲ್ಲ, ಒಬ್ರಾದ್ರೂ ಮೆಟ್ಲತ್ತಿ ಬಂದು ನೋಡುದ್ರಾ? ನನ್ನ ಊಟದ ಡಬ್ಬಿ ತೆಗುದ್ರಿ. ನಾನು ಬರಕ್ಕಿಲ್ಲ.” ಆದರೂ ಕಾಫಿ ಕುಡಿಸದೆ ನನ್ನನ್ನು ಕಳಿಸಲಿಲ್ಲ.

ಮರುದಿನ ಅದೇ ರಿಸೆಪ್ಷನ್ನಿನಲ್ಲಿ ನಿಂತು, ಸಿದ್ದಮ್ಮ ಕದ್ದಿಲ್ಲ, ತಪ್ಪು ನನ್ನದು ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಮ್ಯಾನೇಜರ್ ಆಮೇಲೆ ನನ್ನ ಮುಖ ನೋಡಿ ಮಾತಾಡಲಿಲ್ಲ. ಕೆಲವೇ ತಿಂಗಳಲ್ಲಿ ನಾನೂ ಆ ಕೆಲಸ ಬಿಟ್ಟೆ. ಈಗ ಯಾವ ಕಟ್ಟಡದಲ್ಲೇ ಆಗಲಿ, ಪಾಯಿಂಟ್ ಹೊಂದಿಸಿದ ಮೇಲೆ ಪ್ರತಿ ಬಾಗಿಲಿಗೂ ಒಬ್ಬರನ್ನು ಕಳಿಸಿ, ತೆರೆಸಿ, ಚಿತ್ರದಲ್ಲಿ ಅವರನ್ನು ಕಂಡ ಮೇಲೆಯೇ ಮುಂದಕ್ಕೆ ಹೋಗುತ್ತೇನೆ. ಆಯುಧಪೂಜೆ ಮುಗಿದ ಮೇಲೂ ಇನ್ನೊಂದು ಸಲ. ಜೊತೆಯವರು ಮೇಡಂಗೆ ಅನುಮಾನದ ಕಾಯಿಲೆ ಎಂದು ರೇಗಿಸುತ್ತಾರೆ.

ಆ ಅಧಿಕಾರಿ ಬೆಂಗಳೂರಿನಿಂದ ವಾಪಸು ಬಂದ ದಿನ ನಾನು ರಿಸೆಪ್ಷನ್ನಿನಲ್ಲೇ ಇದ್ದೆ. ಲ್ಯಾಪ್‌ಟಾಪಿನ ಚೀಲ ಹೆಗಲಿಗೆ ಹಾಕಿಕೊಂಡು ನಗುತ್ತಾ ಬಂದರು. ಸೆಕ್ಯುರಿಟಿಯವರು ಎದ್ದು ಸಲಾಂ ಹೊಡೆದರು. ಆ ಚೀಲ ತೆಗೀರಿ ಎಂದು ಯಾರೂ ಹೇಳಲಿಲ್ಲ. ನೆನೆದರೆ ಇವತ್ತಿಗೂ ಸಿಟ್ಟು ನೆತ್ತಿಗೇರುತ್ತದೆ. ಮುದ್ದೆಯ ಡಬ್ಬಿ ತೆಗೆದ ನನ್ನ ಕೈಗಳ ಮೇಲೂ.