ಸಿಂಬಿ ಆಟ ಎಂದ ಕೂಸು

2005ರ ಬೇಸಿಗೆ ರಜೆ ಮುಗಿಯುತ್ತ ಬಂದಿತ್ತು. ಗಜೇಂದ್ರಗಡದಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಕೆಲವು ದಿನ ಇದ್ದು, ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ನರಗುಂದಕ್ಕೆ ವಾಪಸು ಹೊರಟಿದ್ದೆ. ರೋಣದಲ್ಲಿ ಬಸ್ಸು ಬದಲಿಸಬೇಕು. ಬೆಳವಣಕಿ ಮೇಲೆ ಹಾದು ನರಗುಂದಕ್ಕೆ ಹೋಗುವ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿದೆ, ತಡವಾಗುತ್ತದೆ ಎಂದರು. ಗೊಣಗುತ್ತ ನಿಲ್ದಾಣದ ಬೆಂಚಿನ ಮೇಲೆ ಕುಳಿತೆ.

ಅದೇ ಬೆಂಚಿನ ತುದಿಯಲ್ಲಿ ನಾಲ್ಕೈದು ವರ್ಷದ ಹುಡುಗಿಯೊಬ್ಬಳು ಕುಳಿತಿದ್ದಳು. ಹಳದಿ ಫ್ರಾಕು, ಬರಿಗಾಲು. ಪಕ್ಕದಲ್ಲಿದ್ದ ಹೆಂಗಸಿನ ಮಗಳಿರಬೇಕು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಆ ಹೆಂಗಸು ಗದಗಿನ ಬಸ್ಸು ಹತ್ತಿ ಹೋದಳು. ಹುಡುಗಿ ಮಾತ್ರ ಕುಳಿತಲ್ಲೇ ಇದ್ದಳು.

ಹೆಸರು ಕೇಳಿದೆ. ‘ತಂಗೆವ್ವ’ ಎಂದಳು. ನಮ್ಮ ಕಡೆ ಸಣ್ಣ ಹುಡುಗಿಯರನ್ನೆಲ್ಲ ಹಾಗೇ ಕರೆಯುತ್ತಾರೆ. ಅಪ್ಪನ ಹೆಸರು ಕೇಳಿದರೆ ‘ಅಪ್ಪ’, ಊರು ಕೇಳಿದರೆ ‘ನಮ್ಮೂರು’. ಅವ್ವ ಎಲ್ಲಿ ಅಂದರೆ ರಸ್ತೆಯ ಕಡೆ ಕೈ ತೋರಿಸಿದಳು. ಅಳುತ್ತಿರಲಿಲ್ಲ. ಕಂಟ್ರೋಲರ್ ಬಳಿ ಕರೆದುಕೊಂಡು ಹೋದೆ. ಅವರು ಮೈಕಿನಲ್ಲಿ ಕೂಗಿ ಹೇಳಿದರೂ ಯಾರೂ ಬರಲಿಲ್ಲ. ಚಹಾದಂಗಡಿಯವನು, ಬೆಳಿಗ್ಗೆ ಬೆಳವಣಕಿ ಬಸ್ಸಿನಿಂದ ಇಳಿದ ಗುಂಪಿನಲ್ಲಿ ಇಂಥದೇ ಹುಡುಗಿ ಇದ್ದಂತಿತ್ತು ಎಂದ. ಕಂಟ್ರೋಲರಿಗೆ ಅಷ್ಟು ಸಾಕಾಯಿತು.

‘ಅಕ್ಕಾರ, ನಿಮ್ಮ ಬಸ್ಸು ಬೆಳವಣಕಿ ಮ್ಯಾಲೇ ಹೋಗತೈತಿ. ಕೂಸಿನ್ನ ನಿಮ್ಮ ಕೂಡ ಕಳಸ್ತೀನಿ. ಊರಾಗ ಹಿರ್ಯಾರ ಕೈಯಾಗ ಕೊಟ್ಟು ಹೋಗ್ರಿ’ ಎಂದರು. ಅಲ್ಲಿ ಯಾರೂ ಗುರುತು ಹಿಡಿಯದಿದ್ದರೆ ನರಗುಂದದ ಪೊಲೀಸ್ ಠಾಣೆಗೆ ಒಪ್ಪಿಸುವುದು ಎಂದಾಯಿತು. ನನಗೂ ಅದು ಸರಿ ಎನಿಸಿತು. ಒಪ್ಪಿಕೊಂಡೆ.

ಬಸ್ಸು ಬರಲಿಲ್ಲ. ನನ್ನ ಮಕ್ಕಳು, ಅಲ್ಲಿದ್ದ ಇನ್ನಷ್ಟು ಹುಡುಗರನ್ನು ಸೇರಿಸಿಕೊಂಡು ನೆರಳಿನಲ್ಲಿ ದುಂಡಗೆ ಕೂತರು. ಒಬ್ಬರು ಬಟ್ಟೆ ಹಿಡಿದುಕೊಂಡು ಎಲ್ಲರ ಬೆನ್ನ ಹಿಂದೆ ಸುತ್ತ ಓಡಬೇಕು, ಗೊತ್ತಾಗದ ಹಾಗೆ ಯಾರದೋ ಹಿಂದೆ ಅದನ್ನು ಬಿಡಬೇಕು, ಅವರು ಅದನ್ನೆತ್ತಿಕೊಂಡು ಬೆನ್ನಟ್ಟಬೇಕು. ನರಗುಂದದಲ್ಲಿ ನಮ್ಮ ಓಣಿಯಲ್ಲಿ ಇದಕ್ಕೆ ಟೊಪಿಗಿ ಆಟ ಎನ್ನುತ್ತೇವೆ. ತಂಗಿಯ ನೆರೆಮನೆಯ ಮುಸ್ಲಿಂ ಮಕ್ಕಳ ಜೊತೆ ಆಡಿ ಬಂದ ದೊಡ್ಡವಳು ‘ಕೋಡಾ’ ಎನ್ನುತ್ತಿದ್ದಳು. ಸಣ್ಣವಳು ಟೊಪಿಗಿ ಎಂಬ ಹೆಸರನ್ನು ಬಿಟ್ಟುಕೊಡಲಿಲ್ಲ. ರೋಣದ ಹುಡುಗನೊಬ್ಬ ‘ರುಮಾಲ ಆಟ’ ಎಂದ. ಈ ಜಗಳದ ನಡುವೆ ಆ ಹುಡುಗಿ ಮೊದಲ ಸಲ ತಾನಾಗಿ ಬಾಯಿ ಬಿಟ್ಟಳು.

‘ಇದು ಸಿಂಬಿ ಆಟ.’

ಸಿಂಬಿ ಎಂದರೆ ಕೊಡ ಹೊರುವಾಗ ತಲೆಯ ಮೇಲಿಡುವ ಬಟ್ಟೆಯ ಸುರುಳಿ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆಚೆ ಗಂಡನೊಂದಿಗೆ ಕುಳಿತಿದ್ದ ನಡುವಯಸ್ಸಿನ ಹೆಂಗಸೊಬ್ಬರು ಎದ್ದು ಬಂದರು.

‘ನನ್ನ ತವರಮನಿ ಮುಶಿಗೇರಿರಿ. ಸಣ್ಣವರಿದ್ದಾಗ ನಾವೂ ಸಿಂಬಿ ಆಟ ಅಂತಿದ್ವಿ. ಲಗ್ನ ಆಗಿ ಹೋದ ಮ್ಯಾಲೆ ಈ ಹೆಸರು ಎಲ್ಲೂ ಕೇಳಿಲ್ಲ’ ಎಂದರು.

ಬೆಳವಣಕಿ ಎಲ್ಲಿ, ಮುಶಿಗೇರಿ ಎಲ್ಲಿ. ರೋಣದಿಂದ ಒಂದು ಈ ಕಡೆ, ಒಂದು ಆ ಕಡೆ. ಕಂಟ್ರೋಲರ್ ನಂಬಲಿಲ್ಲ, ಆಟದ ಹೆಸರು ಯಾವ ಊರಲ್ಲಿ ಬೇಕಾದರೂ ಇರಬಹುದು ಎಂದರು. ಆ ಹೆಂಗಸು ಅವರಿಗೆ ಉತ್ತರ ಕೊಡದೆ ಹುಡುಗಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಸಿಂಬಿ ಆಟ ಎಲ್ಲಿ ಆಡುತ್ತೀರಿ ಎಂದು ಕೇಳಿದರು.

‘ಗಿರಣಿ ಮುಂದ.’

‘ಯಾರ ಗಿರಣಿ, ನಮ್ಮವ್ವಾ?’

‘ಖಾದರ ಕಾಕಾಂದು.’

ಆ ಹೆಂಗಸಿನ ಮುಖ ಬದಲಾಯಿತು. ಅವರ ತವರಿಗೆ ಏನಾದರೂ ಸುದ್ದಿ ಮುಟ್ಟಿಸಬೇಕಿದ್ದರೆ ಆ ಹಿಟ್ಟಿನ ಗಿರಣಿಗೇ ಫೋನು ಮಾಡುವುದಂತೆ. ನಂಬರು ಬಾಯಿಪಾಠವಿತ್ತು.

ಕಂಟ್ರೋಲರ್ ತಮ್ಮ ಕೋಣೆಯಿಂದಲೇ ಫೋನು ಹಚ್ಚಿದರು. ಆ ಕಡೆಯ ಖಾದರ್ ಎಲ್ಲವನ್ನೂ ಕೇಳಿಸಿಕೊಂಡು, ತಮ್ಮೂರಲ್ಲಿ ಯಾವ ಕೂಸೂ ಕಳೆದಿಲ್ಲ ಎಂದರು. ಹಳದಿ ಫ್ರಾಕು ಎಂದಾಗ, ಹೌದು, ಅಂಥ ಹುಡುಗಿ ಇದೆ, ತಾಯಿಗೆ ಹೆರಿಗೆ ನೋವು ಬಂದು ಬೆಳಿಗ್ಗೆ ಮನೆಯವರೆಲ್ಲ ರೋಣದ ದವಾಖಾನಿಗೆ ಹೋದರು, ಅಲ್ಲಿಂದ ಗದಗಕ್ಕೆ ಒಯ್ದಿದ್ದಾರೆ, ಹುಡುಗಿ ಅಜ್ಜಿಯ ಜೊತೆ ಗದಗದಲ್ಲಿದ್ದಾಳೆ ಎಂದರಂತೆ. ಕಂಟ್ರೋಲರ್ ನಮ್ಮ ಕಡೆ ನೋಡಿ ತಲೆ ಅಲ್ಲಾಡಿಸಿದರು. ಆಮೇಲೆ ಏನೆನಿಸಿತೋ, ರಿಸೀವರನ್ನು ಹುಡುಗಿಯ ಕಿವಿಗೆ ಹಿಡಿದರು.

‘ಖಾದರ ಕಾಕಾ, ನಮ್ಮವ್ವ ಎಲ್ಲಿದಾಳ?’ ಎಂದಳು ಅವಳು.

ಆ ಕಡೆಯ ದನಿ ಅಷ್ಟು ದೂರ ನಿಂತ ನನಗೂ ಕೇಳುವಂತೆ, ‘ಅಲ್ಲೇ ಕುಂದ್ರವ್ವಾ, ನಾ ಬಂದೆ’ ಎಂದಿತು.

ಅಷ್ಟರಲ್ಲಿ ನಮ್ಮ ಬಸ್ಸು ಬಂದು ಹೋಯಿತು. ನಾನು ಹತ್ತಲಿಲ್ಲ. ಮುಶಿಗೇರಿ ತವರಿನ ಆ ಹೆಂಗಸು, ತಮ್ಮ ಬಸ್ಸು ತಪ್ಪಿದರೆ ಊರು ಮುಟ್ಟುವುದು ಆಗುವುದಿಲ್ಲವೆಂದು ಹುಡುಗಿಯ ಕೆನ್ನೆ ಸವರಿ ಹೊರಟರು. ಹೆಸರು ಕೇಳಬೇಕೆಂದು ಆಗ ನನಗೆ ಹೊಳೆಯಲಿಲ್ಲ.

ಸಂಜೆಯ ಹೊತ್ತಿಗೆ ಖಾದರ್ ಮೋಟರ್ ಸೈಕಲ್ಲಿನಲ್ಲಿ ಹುಡುಗಿಯ ಚಿಕ್ಕಮ್ಮನನ್ನು ಕೂರಿಸಿಕೊಂಡು ಬಂದರು. ಅಂಗಿಯ ಮೇಲೆ ಇನ್ನೂ ಜೋಳದ ಹಿಟ್ಟಿತ್ತು. ರೋಣದ ದವಾಖಾನೆಯಲ್ಲಿ ತಾಯಿಯನ್ನು ಗಡಿಬಿಡಿಯಲ್ಲಿ ಗದಗಿನ ಜೀಪಿಗೆ ಹಾಕುವಾಗ, ಹುಡುಗಿ ಚಿಕ್ಕಮ್ಮನ ಜೊತೆ ಇದ್ದಾಳೆಂದು ಅಜ್ಜಿ ತಿಳಿದಿದ್ದರು. ಅಜ್ಜಿಯ ಜೊತೆ ಹೋದಳೆಂದು ತಿಳಿದು ಚಿಕ್ಕಮ್ಮ ಊರಿಗೆ ಮರಳಿದ್ದಳು. ಹುಡುಗಿ ಜೀಪಿನ ಹಿಂದೆ ನಡೆಯುತ್ತ ನಿಲ್ದಾಣಕ್ಕೆ ಬಂದು ಕುಳಿತಿದ್ದಳು.

ಚಿಕ್ಕಮ್ಮ ಅಳಲಿಲ್ಲ. ಹುಡುಗಿಯ ಕೆದರಿದ ಕೂದಲನ್ನು ಬೆರಳಲ್ಲಿ ಮತ್ತೆ ಮತ್ತೆ ಬಾಚುತ್ತ, ಯಾರ ಮುಖವನ್ನೂ ನೋಡದೆ ಹೇಳಿದಳು: ‘ನಾಳಿತನಾ ಯಾರೂ ಹುಡುಕ್ತಿದ್ದಿಲ್ಲರಿ. ಕಳದಾಳ ಅಂತನ ಯಾರಿಗೂ ಗೊತ್ತಿದ್ದಿಲ್ಲ.’

ಆ ತಾಯಿಗೆ ಗಂಡು ಹುಟ್ಟಿತೋ ಹೆಣ್ಣು ಹುಟ್ಟಿತೋ ನನಗೆ ಇವತ್ತಿಗೂ ತಿಳಿದಿಲ್ಲ. ಆದರೆ ಚಿಕ್ಕಮ್ಮನ ಆ ಮಾತು ಮರೆತಿಲ್ಲ. ಕಳೆದವರನ್ನು ಯಾರಾದರೂ ಹುಡುಕುತ್ತಲೇ ಇರುತ್ತಾರೆ ಎಂದು ಅಲ್ಲಿಯವರೆಗೆ ತಿಳಿದಿದ್ದೆ. ಈಗ ಬಸ್ ನಿಲ್ದಾಣದಲ್ಲಿ ಪಕ್ಕದಲ್ಲೊಂದು ಮಗು ಕೂತಿದ್ದರೆ ಯಾರ ಮಗು ಎಂದು ಕೇಳಿಬಿಡುತ್ತೇನೆ. ಕೆಲವು ತಾಯಂದಿರು ಸಿಟ್ಟಿನಿಂದ ಮಗುವನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಹಾಗೆ ಎಳೆದುಕೊಂಡಾಗ ನನಗೆ ಸಮಾಧಾನವಾಗುತ್ತದೆ.