ದಣಿದವರನ್ನು ಮುಟ್ಟುವವನು

ಗದಗ-ಬೆಟಗೇರಿಯಲ್ಲಿ ಹುತುತು ಆಟದ ಮಾತು ಬಂದರೆ ಮಂದಿ ಈಗಲೂ ನನ್ನ ಹೆಸರು ಎತ್ತುತ್ತಾರೆ. ಪುಂಡಲೀಕಪ್ಪ ಗೆರೆ ದಾಟಿದನೆಂದರೆ ಎದುರಿನವರ ಕಾಲು ನಡುಗುತ್ತಿದ್ದವಂತೆ. ಚಹಾದಂಗಡಿಯಲ್ಲಿ ಯಾರಾದರೂ ಹೀಗೆ ಶುರು ಮಾಡಿದರೆ ನಾನು ಬಸಿ ಅಲ್ಲೇ ಬಿಟ್ಟು ಎದ್ದು ಬರುತ್ತೇನೆ. ನಾಚಿಕೆಯ ಮನುಷ್ಯ, ಹೊಗಳಿದರೆ ತಡೆದುಕೊಳ್ಳಲಾರ ಎನ್ನುತ್ತಾರೆ. ನಾಚಿಕೆಯೂ ಇಲ್ಲ, ಮಣ್ಣೂ ಇಲ್ಲ. ಅವರು ಎತ್ತಬೇಕಾದ ಹೆಸರು ಬೇರೆಯದು ಇರಬಹುದು. ಇರಲಿಕ್ಕಿಲ್ಲ ಕೂಡ. ಅದನ್ನು ತಿಳಿದುಕೊಳ್ಳುವ ದಾರಿಯನ್ನು ನಾನೇ ಮುಚ್ಚಿದೆ.

ಅವನ ಹೆಸರು ಮರ್ದಾನಸಾಬ. ಬೆಟಗೇರಿಯ ಪಿಂಜಾರರ ಮನೆಯವನು, ಖಾತುನಬಿಯ ಒಬ್ಬನೇ ಮಗ. ಹೆಗಲಿಗೆ ಆಳೆತ್ತರದ ಬಿಲ್ಲು ಹಾಕಿಕೊಂಡು ಊರೂರು ತಿರುಗಿ ಹತ್ತಿ ಹಿಂಜಿ ಗಾದಿ ಹೊಲಿದು ಕೊಡುವುದು ಅವನ ಕೆಲಸ. ಸ್ವಾತಂತ್ರ್ಯ ಬಂದ ವರ್ಷ ನಮ್ಮ ಸಂಘಕ್ಕೆ ಸೇರಿದಾಗ ಅವನಿಗೆ ಇಪ್ಪತ್ತು ಇರಬೇಕು. ಹುಬ್ಬಿನಲ್ಲಿ, ಕಿವಿಯ ಕೂದಲಿನಲ್ಲಿ ಅರಳೆ ಸಿಕ್ಕಿಕೊಂಡೇ ಬಯಲಿಗೆ ಬರುತ್ತಿದ್ದ. "ಗಾದಿ ಬಂತು, ಸರೀರಪಾ" ಎಂದು ನಾವು ಕಾಡುತ್ತಿದ್ದೆವು. ಅವನು ನಕ್ಕು, ನಮ್ಮ ಅಂಗಿಗಳನ್ನೆಲ್ಲ ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡು ಗೆರೆಯ ಹೊರಗೆ ಕೂಡುತ್ತಿದ್ದ. ಅವನು ಬದಲಿ. ನಾನು ದಣಿದ ಮೇಲೆ ಇಳಿಯುವವನು.

ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಒಂದೇ ಉಸಿರಿನಲ್ಲಿ ಹುತುತು ಎನ್ನುತ್ತ ಗೆರೆ ದಾಟಬೇಕು, ಎದುರಿನವರನ್ನು ಮುಟ್ಟಬೇಕು, ದಮ್ಮು ಮುರಿಯುವ ಮೊದಲು ಗೆರೆಗೆ ಮರಳಬೇಕು. ಕಾಲು ಎಷ್ಟು ಚುರುಕಾಗಿದ್ದರೂ ದಮ್ಮು ಇಲ್ಲದಿದ್ದರೆ ಏನೂ ಇಲ್ಲ. ಮರ್ದಾನಸಾಬನ ದಮ್ಮು ಬಿಲ್ಲಿನಿಂದ ಬಂದದ್ದು. ಹಿಂಜುವಾಗ ಅರಳೆ ಮಂಜಿನಂತೆ ಏಳುತ್ತದೆ, ಬಾಯಿ ತೆರೆದು ಉಸಿರಾಡಿದರೆ ಗಂಟಲಿಗೇ ಹೋಗುತ್ತದೆ. ಹಾಗಾಗಿ ಪಿಂಜಾರರು ಮೂಗಿಗೆ ಬಟ್ಟೆ ಕಟ್ಟಿ, ಉಸಿರನ್ನು ತುಸುತುಸುವೇ ಬಿಡುವುದನ್ನು ಚಿಕ್ಕಂದಿನಿಂದ ಕಲಿತಿರುತ್ತಾರೆ. ನಾನೂ ಹತ್ತಿಯವನೇ. ಗದಗಿನಲ್ಲಿ ಹತ್ತಿಯ ಬೀಜ ಬಿಡಿಸುವ ಒಂದು ಜಿನ್ನಿನಲ್ಲಿ ಅರಳೆ ತುಂಬುತ್ತಿದ್ದೆ. ಆದರೆ ಮೂಗಿಗೆ ಬಟ್ಟೆ ಕಟ್ಟುವುದು ಹೆಂಗಸರ ಚಾಳಿ ಎಂದು ನಗುತ್ತಿದ್ದವನು ನಾನು.

ಕೊನೆಯ ಹತ್ತು ನಿಮಿಷಕ್ಕೆ ಮರ್ದಾನಸಾಬ ಇಳಿಯುತ್ತಿದ್ದ. ಗೆರೆ ದಾಟಿದಾಗಲೆಲ್ಲ ಒಬ್ಬನನ್ನೋ ಇಬ್ಬರನ್ನೋ ಮುಟ್ಟಿಯೇ ಬರುತ್ತಿದ್ದ. ಮುಂಡರಗಿಯಲ್ಲಿ ಮೂವರನ್ನು ಮುಟ್ಟಿದ. ಆ ಸಂಜೆ ಮೋಟಾರಿನಲ್ಲಿ ನನ್ನ ಪಕ್ಕ ಕೂತ ಹೊಳೆಯಪ್ಪ, ನನ್ನ ಸಂಗಡವೇ ಆಡಿ ಬೆಳೆದವನು, "ಈ ಪಿಂಜಾರನ್ನ ಮೊದಲ ಇಳಸಬೇಕಲೇ" ಎಂದ. ನನಗೆ ಮೈಯೆಲ್ಲ ಉರಿಯಿತು. ಮನೆಗೆ ಬಂದು ಅನ್ನ ಸರಿಯಾಗಿಲ್ಲವೆಂದು ಹೆಂಡತಿಯ ಮೇಲೆ ಹಾರಾಡಿದೆ.

ತಂಡ ಆರಿಸುವವರು ಶ್ರೀಪಾದ ಮಾಸ್ತರರು, ಶಾಲೆಯಲ್ಲಿ ಕಸರತ್ತು ಕಲಿಸುವವರು. ನ್ಯಾಯದ ಮನುಷ್ಯ. ಆದರೆ ಅವರು ತಾವು ಒಮ್ಮೆಯೂ ಗೆರೆ ದಾಟಿದವರಲ್ಲ, ಆದ್ದರಿಂದ ದಾಳಿಯ ವಿಷಯದಲ್ಲಿ ನನ್ನ ಮಾತನ್ನೇ ನಂಬುತ್ತಿದ್ದರು. ಒಂದು ದಿನ ಕರೆದು ಕೇಳಿದರು.

"ಪುಂಡಲೀಕ, ಮರ್ದಾನಸಾಬನ್ನ ಮೊದಲಿಗೇ ಆಡ್ಸೋಣೇನು? ನೀ ಏನಂತಿ?"

"ಅವಾ ಮುಟ್ಟೂದು ದಣಿದವರನ್ನ್ರೀ ಮಾಸ್ತರ. ಅರ್ಧಾ ತಾಸು ನಾ ಓಡಾಡಿ ಅವರ ಕಾಲ ಕಸಗೊಂಡಿರತೇನಿ. ಆಮ್ಯಾಲ ಯಾರ ಹೋದ್ರೂ ಮುಟ್ಟತಾರ. ಹೊಸಾ ಕಾಲಿನ ಮಂದಿ ಮುಂದ ಬಿಟ್ಟ ನೋಡ್ರಿ, ಗೊತ್ತಾಗತೈತಿ."

ಮಾಸ್ತರರು ತಲೆಯಾಡಿಸಿದರು. ಈ ಮಾತು ಸುಳ್ಳಾಗಿದ್ದರೆ ನಾನು ಇಷ್ಟು ಒದ್ದಾಡುತ್ತಿರಲಿಲ್ಲ. ಅದರಲ್ಲಿ ಅರ್ಧ ಖರೆಯೇ ಇತ್ತು. ದಣಿದವನು ಹಿಡಿಯಲು ಕೈ ಚಾಚುವುದು ತಡ, ಕಾಲು ಹಿಂದೆಗೆಯುವುದು ತಡ. ಅಂಥವರ ಎದುರು ಗೆದ್ದವನು ಮೊದಲಿಗೆ ಇಳಿದೂ ಗೆಲ್ಲುತ್ತಾನೆಂದು ಹೇಗೆ ಹೇಳುವುದು? ಆದರೆ ಗೆಲ್ಲುವುದಿಲ್ಲವೆಂದೂ ಹೇಗೆ ಹೇಳುವುದು? ಈ ಎರಡನೆಯ ಪ್ರಶ್ನೆಯನ್ನು ನಾನು ಮಾಸ್ತರರ ಮುಂದೆ ಬಾಯಿಬಿಟ್ಟು ಹೇಳಲಿಲ್ಲ.

ಇನ್ನೂ ಒಂದನ್ನು ಹೇಳಲಿಲ್ಲ. ನನ್ನ ದಮ್ಮು ಹೋಗುತ್ತಿತ್ತು. ಜಿನ್ನಿನಿಂದ ಬಂದ ಮೇಲೆ ಎದೆಯಲ್ಲಿ ಏನೋ ತುಂಬಿಕೊಂಡಂತೆ ಆಗುತ್ತಿತ್ತು. ಆಟದಲ್ಲಿ ದೂರ ಹೋಗುವುದನ್ನು ಬಿಟ್ಟು ಗೆರೆಯ ಹತ್ತಿರವೇ ಕುಣಿದು ಮರಳುತ್ತಿದ್ದೆ. ನೋಡುವವರಿಗೆ ಅದು ಜಾಣತನದಂತೆ ಕಾಣುತ್ತಿತ್ತು. ಆಟ ಮುಗಿದ ಮೇಲೆ ಮರದ ಹಿಂದೆ ಹೋಗಿ ಕೆಮ್ಮುತ್ತಿದ್ದೆ.

ಹೀಗಿರುವಾಗ ಸಂಸ್ಥಾನಗಳು ಹೋದವು. ಅಲ್ಲಿಯತನಕ ಲಕ್ಷ್ಮೇಶ್ವರ ಮಿರಜಿನದು, ಶಿರಹಟ್ಟಿ ಸಾಂಗಲಿಯದು, ನಾವು ಇಂಗ್ಲಿಷರ ಕಡೆಯವರು. ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಮೂರು ರಾಜ್ಯ ತುಳಿಯಬಹುದಿತ್ತು. ಈಗ ಎಲ್ಲ ಒಂದೇ ಜಿಲ್ಲೆಯಾಯಿತು, ಒಂದೇ ಜಿಲ್ಲೆಗೆ ಒಂದೇ ತಂಡ ಬೇಕಾಯಿತು. ಐವತ್ತರ ಜನವರಿ ಇಪ್ಪತ್ತಾರಕ್ಕೆ ಲಕ್ಷ್ಮೇಶ್ವರದಲ್ಲಿ ಅವರಿಗೂ ನಮಗೂ ಆಟ, ಧಾರವಾಡದಿಂದ ಇಬ್ಬರು ಬಂದು ಆಟಗಾರರನ್ನು ಆರಿಸುತ್ತಾರೆ ಎಂದು ಕಾಗದ ಬಂತು. ಅವರು ಮೊದಲರ್ಧ ನೋಡಿ ಶಿರಹಟ್ಟಿಗೆ ಹೋಗುವವರಿದ್ದರು. ಅಂದರೆ ಬದಲಿಯವನು ಅವರ ಕಣ್ಣಿಗೇ ಬೀಳುವುದಿಲ್ಲ.

ಮರ್ದಾನಸಾಬ ಮರುದಿನ ಜಿನ್ನಿನ ಬಾಗಿಲಿಗೆ ಬಂದು ನಿಂತ. ಎರಡೂವರೆ ವರ್ಷದಲ್ಲಿ ಅವನು ನನ್ನನ್ನು ಏನನ್ನೂ ಕೇಳಿದ್ದಿಲ್ಲ.

"ಅಣ್ಣಾ, ಒಮ್ಮೆ ಹೊಸಾ ಕಾಲಿನ ಮಂದಿ ಮುಂದ ನನ್ನ ಬಿಟ್ಟ ನೋಡಾಕ ಹೇಳ್ರಿ. ಆಗಲಿಲ್ಲಂದ್ರ ಆಗಲಿಲ್ಲ. ನಾನ ಹೇಳತೇನಿ, ನನ್ನ ಕಡಿಂದ ಆಗೂದಲ್ಲಂತ. ಮತ್ತ ಕೇಳೂದಿಲ್ಲ."

ಇಲ್ಲವೆನ್ನಲು ಬಾಯಿ ಬರಲಿಲ್ಲ. ಮಾಸ್ತರರ ಮುಂದೆ ನಾನೇ ಆಡಿದ ಮಾತನ್ನು, ಅವರಿಂದಲೇ ಕೇಳಿರಬೇಕು, ಅವನು ನನ್ನ ಮುಂದೆ ಹಿಡಿದಿದ್ದ. ಮಾಸ್ತರರಿಗೆ ಹೇಳಿದೆ, ಅವರಿಗೂ ಸರಿಯೆನಿಸಿತು. ಇಪ್ಪತ್ಮೂರು ಸೋಮವಾರ ಸಂಜೆ ಹುಲಕೋಟಿಯಲ್ಲಿ ಅಲ್ಲಿಯ ತಂಡದೊಡನೆ ಅಭ್ಯಾಸದ ಆಟ, ಮರ್ದಾನಸಾಬ ಮೊದಲಿಗೆ ಇಳಿಯುವುದು ಎಂದು ಠರಾಯಿತು.

ಆ ಶನಿವಾರ ನಾನು ಹರ್ತಿಗೆ ಹೋದೆ. ಅದು ನನ್ನ ಹೆಂಡತಿಯ ತವರು. ಹೆಂಡತಿಯ ತಮ್ಮನ ಮದುವೆ ಬರುವ ತಿಂಗಳಲ್ಲಿತ್ತು, ನಾಲ್ಕು ಗಾದಿ ಆಗಬೇಕಿತ್ತು. ಅತ್ತೆಗೆ ಹೇಳಿದೆ, "ಬೆಟಗೇರಿ ಮರ್ದಾನಸಾಬಗ ಹೇಳಿಕಳಸ್ರಿ. ಸೋಮವಾರನ ಬರಲಿ, ನಾಕೂ ಗಾದಿ ಒಂದ ದಿನದಾಗ ಮುಗಸಲಿ."

"ಅಷ್ಟ್ಯಾಕ ಅವಸರಪಾ, ಇನ್ನೂ ದಿನಾ ಅದಾವು" ಎಂದಳು.

"ಆಮ್ಯಾಲ ಅವಾ ಸಿಗೂದಿಲ್ಲ" ಎಂದೆ. ಹೇಳುವಾಗ ನಾಲಿಗೆ ತಡವರಿಸಲಿಲ್ಲ. ಹರ್ತಿಯಿಂದ ನಡೆದು ಬರುವಾಗ ಮಾತ್ರ ಎರಡು ಸಲ ನಿಂತೆ. ಮರಳಿ ಹೋಗಿ ಬೇಡವೆನ್ನಬೇಕೆಂದುಕೊಂಡೆ. ಎರಡು ಸಲವೂ ಹೋಗಲಿಲ್ಲ.

ಸೋಮವಾರ ಇಡೀ ದಿನ ನನಗೆ ಕೆಲಸದ ಮೇಲೆ ಲಕ್ಷ್ಯವೇ ಇರಲಿಲ್ಲ. ಅವನು ಮದುವೆಯ ಕೆಲಸ ಬೇಡವೆಂದು ಹುಲಕೋಟಿಗೆ ಬಂದುಬಿಟ್ಟರೆ ಎಂಬ ಅಂಜಿಕೆ. ಬರದೇ ಹೋದರೆ ಎಂಬ ಅಂಜಿಕೆ. ಹೊತ್ತು ಇಳಿಯುವಾಗ ಅವನು ಹುಲಕೋಟಿಯ ಬಯಲಿಗೆ ಬಂದ. ಹೊಲದ ಹಾದಿ ಹಿಡಿದು ನಡೆದೇ ಬಂದಿದ್ದ, ಬಿಲ್ಲು ಇನ್ನೂ ಹೆಗಲ ಮೇಲಿತ್ತು, ತಲೆಯೆಲ್ಲ ಬೆಳ್ಳಗೆ. ಮುಂಜಾನೆಯಿಂದ ಬಿಲ್ಲು ಬಡಿದ ಬಲಗೈಯನ್ನು ಎಡಗೈಯಿಂದ ತಿಕ್ಕಿಕೊಳ್ಳುತ್ತಿದ್ದ.

"ಎಲ್ಲಿಂದ ಬಂದ್ಯೋ?" ಎಂದು ಮಾಸ್ತರರು ಕೇಳಿದರು.

"ಕೆಲಸದಿಂದ್ರಿ" ಎಂದ. ಎಲ್ಲಿಯ ಕೆಲಸ, ಯಾರ ಮನೆಯದು, ಏನೂ ಹೇಳಲಿಲ್ಲ. ಅಂಗಿ ತೆಗೆದು, ಮೊದಲ ಸಲ ಅದನ್ನು ಬೇರೆಯವರ ಕೈಗೆ ಕೊಟ್ಟು ಗೆರೆಗೆ ನಿಂತ.

ಮೊದಲ ದಾಳಿಯಲ್ಲಿ ಒಬ್ಬನನ್ನು ಮುಟ್ಟಿ ಬಂದ. ಆ ಕಾಲು, ಆ ಕೈ ಹೊತ್ತುಕೊಂಡು ಬಂದು ಹೊಸ ಮಂದಿಯ ನಡುವೆ ಒಬ್ಬನನ್ನು ಮುಟ್ಟಿದ್ದನಲ್ಲ. ಎರಡನೆಯದಕ್ಕೆ ಕಾಲು ಎಳೆಯಿತು, ಹಿಡಿದುಹಾಕಿದರು. ಮೂರನೆಯದರಲ್ಲಿ ದಮ್ಮು ಮುರಿಯಿತು. ಮರ್ದಾನಸಾಬನ ದಮ್ಮು ಮುರಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾಲ್ಕನೆಯದಕ್ಕೆ ಹೋದವನನ್ನು ಹುಲಕೋಟಿಯ ಮೂವರು ಸೇರಿ ಮಣ್ಣಿಗೆ ಒತ್ತಿದರು. ಮಾಸ್ತರರು ನನ್ನ ಕಡೆ ತಿರುಗಿದರು.

"ನೀ ಹೇಳಿದ್ದೇ ಖರೆ ಆತಲ್ಲೋ, ಪುಂಡಲೀಕ."

ಆಗಲಾದರೂ ಹೇಳಬಹುದಿತ್ತು. ಇವನು ನಾಲ್ಕು ಗಾದಿಯ ಹತ್ತಿ ಹಿಂಜಿ ಬಂದಿದ್ದಾನೆ, ಈ ಪರೀಕ್ಷೆ ಪರೀಕ್ಷೆಯೇ ಅಲ್ಲ, ನಾಳೆ ಮತ್ತೆ ನೋಡೋಣ ಎನ್ನಬಹುದಿತ್ತು. ನಾನು "ನೋಡಿದ್ರಲ್ರಿ" ಎಂದೆ. ಮರ್ದಾನಸಾಬ ಮಣ್ಣು ಕೊಡವಿಕೊಂಡು ಬಂದು, ಕೊಟ್ಟ ಮಾತಿನಂತೆ, "ನನ್ನ ಕಡಿಂದ ಆಗೂದಲ್ರಿ ಮಾಸ್ತರ, ಅಣ್ಣನ ಇಳೀಲಿ" ಎಂದ. ನಂತರ ನಮ್ಮ ಅಂಗಿಗಳನ್ನು ಎತ್ತಿಕೊಂಡು ಹೊರಗೆ ಕೂತ.

ಲಕ್ಷ್ಮೇಶ್ವರದ ಬಯಲಿನಲ್ಲಿ ಅವತ್ತು ಜಾಗವಿರಲಿಲ್ಲ, ಅಷ್ಟು ಮಂದಿ. ಬಾವುಟ ಏರಿಸಿ, ಬೆಲ್ಲ ಹಂಚಿ, ಆಟ ಶುರುವಾಯಿತು. ಧಾರವಾಡದವರು ಮುಂದೆಯೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೊದಲ ಎರಡು ದಾಳಿಗೆ ನಾನು ಗೆರೆಯ ಹತ್ತಿರವೇ ಕುಣಿದು ಬಂದೆ. ಮೂರನೆಯದಕ್ಕೆ, ಇವರ ಮುಂದೆ ಏನಾದರೂ ತೋರಿಸಬೇಕೆಂದು ಒಳಗೆ ಹೋದೆ. ಮೂಲೆಯವನತ್ತ ಕೈ ಚಾಚಿದ್ದಷ್ಟೇ, ಎದೆಯಲ್ಲಿ ಏನೋ ಸಿಕ್ಕಿ ಹುತುತು ನಿಂತು ಕೆಮ್ಮು ಬಂತು. ಯಾರೂ ಹಿಡಿಯಬೇಕಾಗಲಿಲ್ಲ. ನಡು ಬಯಲಿನಲ್ಲಿ ಮೊಣಕಾಲೂರಿ ಕೆಮ್ಮುತ್ತ ಕೂತೆ. ಮಂದಿ ಮೊದಲು ನಕ್ಕರು, ಆಮೇಲೆ ಸುಮ್ಮನಾದರು. ಧಾರವಾಡದವರು ಲಕ್ಷ್ಮೇಶ್ವರದ ಇಬ್ಬರ ಹೆಸರು ಬರೆದುಕೊಂಡು ಶಿರಹಟ್ಟಿಯ ಮೋಟಾರು ಹತ್ತಿದರು.

ಅವರು ಹೋದ ಮೇಲೆ ಮರ್ದಾನಸಾಬ ಇಳಿದ. ಐದು ಮಂದಿಯನ್ನು ಮುಟ್ಟಿದ, ನಾವು ಗೆದ್ದೆವು. ಹೊಳೆಯಪ್ಪ ಅವನನ್ನು ಹೆಗಲ ಮೇಲೆ ಎತ್ತಿಕೊಂಡು ಕುಣಿದ. ಆದರೆ ಅವರೂ ದಣಿದವರೇ. ಆ ಮಾತನ್ನು ಈ ಸಲ ನಾನು ಆಡಲಿಲ್ಲ, ಮಾಸ್ತರರೇ ಆಡಿದರು. ಅದು ನಾನು ಕಲಿಸಿಕೊಟ್ಟ ಮಾತು.

ಮುಂದೆ ನಾನು ಆಡಲಿಲ್ಲ. ಆ ಬೇಸಗೆಯಲ್ಲಿ ಮರ್ದಾನಸಾಬನ ತಾಯಿ ಖಾತುನಬಿ ಹಾಸಿಗೆ ಹಿಡಿದಳು, ಅವನೂ ಬಯಲಿಗೆ ಬರುವುದನ್ನು ಬಿಟ್ಟ. ಸಂತೆಯಲ್ಲಿ ಸಿಕ್ಕರೆ "ಅರಾಮ ಇದ್ದೀರೇನ್ರಿ ಅಣ್ಣಾ" ಎನ್ನುತ್ತಿದ್ದ. ನಾನು ಹ್ಞೂಂ ಎಂದು ಬೇರೆ ಓಣಿ ಹಿಡಿಯುತ್ತಿದ್ದೆ.

ಹೋದ ವರ್ಷ ನವೆಂಬರ್ ಒಂದಕ್ಕೆ ರಾಜ್ಯ ಒಂದಾಯಿತು. ಓಣಿಯೆಲ್ಲ ಮೆರವಣಿಗೆಗೆ ಹೋಗಿತ್ತು. ನನಗೆ ಅಷ್ಟು ದೂರ ನಡೆಯುವ ಉಸಿರಿಲ್ಲ. ಮಲಗಿದರೆ ದಮ್ಮು ಕಟ್ಟುತ್ತದೆಂದು, ಒರಗಿ ಕೂಡಲು ದಪ್ಪನೆಯ ಗಾದಿ ಮಾಡಿಸಬೇಕೆಂದು ಹೆಂಡತಿ ನನ್ನನ್ನು ಕೇಳದೆ ಮರ್ದಾನಸಾಬನನ್ನೇ ಕರೆಸಿದ್ದಳು. ಅವನು ಪಡಸಾಲೆಯಲ್ಲಿ ಹಳೆಯ ಅರಳೆ ಬಿಚ್ಚಿ ಹರವಿದ, ಬಿಲ್ಲು ತೂಗುಹಾಕಿದ. ತನ್ನ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವ ಮೊದಲು ಚೀಲದಿಂದ ಇನ್ನೊಂದು ತೊಳೆದ ಬಟ್ಟೆ ತೆಗೆದು, ನನ್ನ ಹಿಂದೆ ಬಂದು ನನ್ನ ಮೂಗಿಗೆ ಕಟ್ಟಿದ. ಇನ್ನು ತಡೆಯಲು ಆಗಲಿಲ್ಲ.

"ಲೇ ಮರ್ದಾನ, ಆ ಹರ್ತಿ ಗಾದಿ..."

"ಗೊತ್ತೈತ್ರಿ" ಎಂದ. "ಅವತ್ತ ಮಧ್ಯಾಹ್ನ ರೊಟ್ಟಿ ಕೊಡೂಮುಂದ ನಿಮ್ಮ ಅತ್ತಿಯವರು ಹೇಳಿದ್ರು. ಅಳಿಯಾ ಸೋಮವಾರನ ಆಗಬೇಕಂದಾನ, ಯಾಕೋ ಏನೋ ಅಂತ."

"ಗೊತ್ತಾದ ಮ್ಯಾಲೆ ಬಿಟ್ಟ ಬರಬೇಕಿತ್ತಿಲ್ಲೋ."

"ಬಿಚ್ಚಿದ ಅರಳಿ ಹಂಗ ಬಿಟ್ಟು ಹೆಂಗ ಬರೂದ್ರಿ. ಮದುವಿ ಗಾದಿ."

"ಮಾಸ್ತರಿಗಾದ್ರೂ ಹೇಳಬೇಕಿತ್ತು."

ಅವನು ಬಿಲ್ಲಿನ ತಂತಿಯನ್ನು ಬೆರಳಿನಿಂದ ಒಮ್ಮೆ ಮೀಟಿ ನೋಡಿ, ನನ್ನ ಕಡೆ ತಿರುಗಿ ಕೂತ.

"ಈಗ ಒಂದ ಮಾತ ಹೇಳ್ರಿ ಅಣ್ಣಾ. ಸಿಟ್ಟಲ್ಲ, ಸುಮ್ಮನ ಕೇಳತೇನಿ. ನಿಮಗಿಂತಾ ಬಲ್ಲವರಿಲ್ಲ. ನಾ ಮೊದಲ ಇಳಿಯೂ ಆಟಗಾರ ಹೌದೋ ಅಲ್ಲೋ?"

ಹೌದು ಎನ್ನಲು ಬಾಯಿ ತೆರೆದೆ. ಅಷ್ಟು ಹೇಳಿಬಿಟ್ಟರೆ ಇಬ್ಬರಿಗೂ ಹಗುರಾಗುತ್ತಿತ್ತು. ಆದರೆ ಅವನು ಮುಖ ನೋಡುತ್ತ ಕೂತಿದ್ದ, ಇನ್ನೊಂದು ಸುಳ್ಳು ಹೊರಡಲಿಲ್ಲ. ಮುಂಡರಗಿಯ ಮೂವರು ದಣಿದವರು, ಲಕ್ಷ್ಮೇಶ್ವರದ ಐವರು ದಣಿದವರು, ಹುಲಕೋಟಿಯಲ್ಲಿ ದಣಿದವನು ಅವನು. ಎರಡೂ ಕಡೆ ಹೊಸ ಕಾಲು ಇದ್ದ ಒಂದು ಆಟವನ್ನೂ ನಾನು ನೋಡಿಲ್ಲ. ಆಗಗೊಡಲೇ ಇಲ್ಲ.

"ಗೊತ್ತಿಲ್ಲೋ" ಎಂದೆ. "ಖರೇನ ಗೊತ್ತಿಲ್ಲ."

ಮರ್ದಾನಸಾಬ ಬಟ್ಟೆಯನ್ನು ಮೂಗಿನ ಮೇಲೆ ಎಳೆದುಕೊಂಡ.

"ನನಗೂ ಗೊತ್ತಿಲ್ರಿ ಅಣ್ಣಾ" ಎಂದ. "ಅದೊಂದ ನೋಡ್ರಿ ಕಾಡತೈತಿ."

ಆಮೇಲೆ ಹಿಂಜಲು ಶುರು ಮಾಡಿದ. ಸಂಜೆಯವರೆಗೆ ಒಂದೇ ಸಮನೆ ಹಿಂಜಿದ, ನಡುವೆ ಒಮ್ಮೆಯೂ ಬಾಯಿ ತೆರೆದು ಉಸಿರು ತೆಗೆದುಕೊಳ್ಳಲಿಲ್ಲ. ನಾನು ಗೋಡೆಗೆ ಒರಗಿ ಅದನ್ನೇ ನೋಡುತ್ತ ಕೂತೆ.