ಬೀಸೋಕಲ್ಲಿನ ಜೋಡಿ

ಏಳಕ್ಕೆ ಎಂಟು ಕೂಡಿಸಬೇಕಾದರೂ ನನಗೆ ಫೋನ್ ಬೇಕು. ಸಂಬಳ ಕೊಡುವವರಿಗೆ ಇದು ಗೊತ್ತಿಲ್ಲ. ಅವರ ಕಣ್ಣಲ್ಲಿ ನಾನು ಅಂಕಿಗಳಲ್ಲಿ ಪಳಗಿದವನು. ನಮ್ಮ ದೊಡ್ಡಪ್ಪನಿಗೆ ಮಾತ್ರ ನಾನು ಬರೀ "ಗುಂಡಿ ಒತ್ತೋನು".

ದೊಡ್ಡಪ್ಪ ಸರ್ವೆ ಕಚೇರಿಯ ಲೆಕ್ಕದ ಕೋಣೆಯಲ್ಲಿ ಮೂವತ್ತೊಂದು ವರ್ಷ ಯಂತ್ರ ತಿರುಗಿಸಿದವರು. ಹಿಡಿಕೆ ತಿರುಗಿಸಿ ಗುಣಿಸುವ ಕಬ್ಬಿಣದ ಯಂತ್ರಕ್ಕೆ ಅಲ್ಲಿನವರು ಇಟ್ಟ ಹೆಸರು ಬೀಸೋಕಲ್ಲು. ಜಾರಿಸಿ ಉತ್ತರ ನೋಡುವ ಅಳತೆಪಟ್ಟಿ ಜಾರುಬಂಡೆ. ಕಾಗದದ ಸುರುಳಿ ಹೊರಚಾಚುತ್ತಾ ಗಲಗಲ ಎನ್ನುವ, ಕೂಡಿಸುವ ಯಂತ್ರ ನಾಲಿಗೆಬುರುಕ. ಹಳೆಯ ಅಂಕಿಗಳನ್ನೆಲ್ಲ ಸೊನ್ನೆಗೆ ತರುವುದು ಸ್ನಾನ. "ಸ್ನಾನ ಮಾಡಿಸ್ದೆ ಬೀಸಿದ್ರೆ ನಿನ್ನೆ ಹೊಲ ಇವತ್ತಿನ ಕೆರೆಗೆ ಸೇರ್ಕೊಳ್ಳತ್ತೆ ಕಣೋ," ಎನ್ನುತ್ತಿದ್ದರು. ಈ ಭಾಷೆ ಪೂರ್ತಿ ಬರುತ್ತಿದ್ದವರು ಕೊನೆಗೆ ಇಬ್ಬರೇ ಉಳಿದಿದ್ದರು. ಇನ್ನೊಬ್ಬರು ಗಂಟೆಯಮ್ಮ.

ಲೆಕ್ಕದ ಕೋಣೆಯಲ್ಲಿ ಒಬ್ಬರೇ ಮಾಡಿದ ಲೆಕ್ಕಕ್ಕೆ ಕವಡೆ ಕಿಮ್ಮತ್ತಿರಲಿಲ್ಲ. ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕೂತು ಒಂದೇ ಲೆಕ್ಕವನ್ನು ಬೀಸಬೇಕು. ಒಬ್ಬರು ಉತ್ತರವನ್ನು ಅಂಗೈಯಲ್ಲಿ ಮುಚ್ಚಿಕೊಳ್ಳಬೇಕು, ಇನ್ನೊಬ್ಬರು ಕೂಗಬೇಕು. ಹೊಂದಿದರೆ ಪುಸ್ತಕದಲ್ಲಿ ಸರಿ ಗುರುತು. ಇದಕ್ಕೆ ತಾಳೆ ಎಂದು ಹೆಸರು. ದೊಡ್ಡಪ್ಪನ ಬೆನ್ನಿಗಿದ್ದವರು ಗಂಟೆಯಮ್ಮ. ಭಾಗಾಕಾರದಲ್ಲಿ ಒಂದು ಸುತ್ತು ಹೆಚ್ಚಾದರೆ ಯಂತ್ರ ಗಂಟೆ ಹೊಡೆಯುತ್ತದೆ. ಆಕೆ ಮಾತಿನ ಭರದಲ್ಲಿ ದಿನಕ್ಕೆ ಹತ್ತು ಸಲ ಹೊಡೆಸುತ್ತಿದ್ದರಂತೆ.

ಕಚೇರಿ ಯಂತ್ರಗಳನ್ನು ಗುಜರಿಗೆ ಹಾಕಿದಾಗ ಇಬ್ಬರೂ ತಮ್ಮ ತಮ್ಮ ಬೀಸೋಕಲ್ಲನ್ನು ಬೇಡಿ ಮನೆಗೆ ಹೊತ್ತರು. ನಿವೃತ್ತಿಯಾದ ಮೇಲೂ ದಿನಾ ಬೆಳಿಗ್ಗೆ ಎಂಟಕ್ಕೆ ಹಳೆಯ ಅಳತೆಗಳಿಂದ ದೊಡ್ಡಪ್ಪ ಆರಿಸಿಕೊಟ್ಟ ಒಂದು ಲೆಕ್ಕ, ಫೋನಿನಲ್ಲಿ ತಾಳೆ. ದೊಡ್ಡಪ್ಪನ ಕಿವಿ ಮಂದವಾದ ಮೇಲೆ ಫೋನ್ ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು.

"ನಿಮ್ಮ ದೊಡ್ಡಪ್ಪ ಎಚ್ಚರ ಇದಾರಾ, ಇಲ್ಲ ಹಿಡಿಕೆ ಹಿಡ್ಕೊಂಡೇ ಗೊರಕೆನಾ?" ಎಂದು ಆ ಕಡೆಯಿಂದ.

"ಬಾಯಿ ಬೀಸಿದ್ದು ಸಾಕು, ಕೈ ಬೀಸು ಅಂತ ಹೇಳು ಅವಳಿಗೆ," ಎಂದು ಈ ಕಡೆಯಿಂದ.

ನಡುವೆ ನಾನು, ಬೈಗುಳದ ಅಂಚೆಯವನು.

ಒಂದು ಮಂಗಳವಾರ ಫೋನ್ ಎತ್ತಿದ್ದು ಅವರ ಮಗಳು. "ಅಮ್ಮ ಹೋಗ್ಬಿಟ್ರಪ್ಪ, ಬೆಳಗಿನ ಜಾವ."

ದೊಡ್ಡಪ್ಪ ಉತ್ತರದ ಮೇಲೆ ಅಂಗೈ ಇಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು. "ಎಷ್ಟಂತೆ?"

"ಇನ್ನೂ ಬೀಸ್ತಾ ಇದಾರೆ," ಎಂದೆ. ಕಿಟಕಿಯ ಕಡೆ ತಿರುಗಿ ಫೋನಿನಲ್ಲೇ ಲೆಕ್ಕ ಒತ್ತಿ ಉತ್ತರ ಕೂಗಿದೆ. "ಸರಿ," ಎಂದು ಗುರುತು ಹಾಕಿದರು. ಅವರ ಹೃದಯ ತಡೆಯಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅವರ ಹೃದಯ ಗಟ್ಟಿಯಾಗಿಯೇ ಇತ್ತು. ಅವರು ಅಳುವುದನ್ನು ನೋಡುವ ಗುಂಡಿಗೆ ನನಗಿರಲಿಲ್ಲ.

ಹೀಗೆ ಹದಿನಾರು ದಿನ ಸತ್ತವರ ಪರವಾಗಿ ಲೆಕ್ಕ ಮಾಡಿದೆ. ಒಂದೂ ತಪ್ಪಲಿಲ್ಲ. ನೌಕರಿಯಲ್ಲಿ ಕೂಡ ಇಷ್ಟು ಶುದ್ಧವಾಗಿ ಕೆಲಸ ಮಾಡಿದವನಲ್ಲ ನಾನು.

ಹದಿನೇಳನೆಯ ಬೆಳಿಗ್ಗೆ, "ನಾಲ್ಕು ಸಾವಿರದ ಒಂಬೈನೂರ ಇಪ್ಪತ್ತೇಳು, ಇಂಟು ಮೂವತ್ತಾರು," ಎಂದರು.

ಸ್ವಲ್ಪ ಹೊತ್ತು ಬಿಟ್ಟು ಕೂಗಿದೆ. "ಒಂದು, ಏಳು, ಏಳು, ಮೂರು, ಏಳು, ಎರಡು."

ಅವರು ಅಂಗೈ ತೆಗೆದರು. ಅದೇ ಉತ್ತರ. ಆದರೆ ಗುರುತು ಹಾಕಲಿಲ್ಲ.

"ಯಾವತ್ತು ಹೋದ್ಲು?"

ಫೋನನ್ನು ಕೆಳಗಿಟ್ಟೆ.

"ಅವಳ ಬೀಸೋಕಲ್ಲಲ್ಲಿ ನೂರರ ಮನೆ ಚಕ್ರದ್ದು ಒಂದು ಹಲ್ಲು ಮುರಿದು ಆರು ವರ್ಷ ಆಯ್ತು. ಅಲ್ಲಿ ಒಂಬತ್ತು ಇಟ್ರೆ ಎಂಟೇ ತಿರುಗೋದು. ಮೊದಲ ಸಲ ತಪ್ಪು ಬಂದಾಗ ಎಷ್ಟು ಕಮ್ಮಿ ಅಂತ ನೋಡಿ ಕಂಡುಹಿಡಿದೆ. ರಿಪೇರಿ ಮಾಡೋನು ಒಬ್ಬನೂ ಉಳಿದಿಲ್ಲ. ಹೇಳಿದ್ರೆ ಅವತ್ತೇ ಬೀಸೋದು ನಿಲ್ಲಿಸ್ಬಿಡ್ತಿದ್ಲು. ಸರಿ ಅಂದ್ಬಿಟ್ಟೆ. ಆಮೇಲೆ ಆ ಮನೆಗೆ ಒಂಬತ್ತು ಕೊಟ್ಟೇ ಇಲ್ಲ." ಹಿಡಿಕೆಯ ಮೇಲೆ ಕೈಯಿಟ್ಟು ಹೇಳಿದರು: "ಎರಡು ವಾರದಿಂದ ಅವಳು ನನ್ನನ್ನ ಒಂದ್ಸಲನೂ ನೆಟ್ಟಗೆ ಬೈದಿಲ್ಲ. ಅದಕ್ಕೇ ಇವತ್ತು ಕೊಟ್ಟೆ. ತಪ್ಪು ಬರ್ಲಪ್ಪಾ ಅಂತ ಬೇಡ್ಕೊಂಡು ಕೊಟ್ಟೆ."

"ಹದಿನಾರು ದಿನ ಆಯ್ತು, ದೊಡ್ಡಪ್ಪ."

"ಅವಳ ಮಣ್ಣಿಗೆ ಹೋಗ್ಬೇಕಿತ್ತು ಕಣೋ ನಾನು. ಅಷ್ಟು ವರ್ಷ ಬೆನ್ನು ಕೊಟ್ಟು ಕೂತವಳು. ಕೊನೇ ಸಲ ಮುಖ ಆದ್ರೂ ನೋಡ್ತಿದ್ದೆ."

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವರು ಪುಸ್ತಕದ ಹಾಳೆಗಳನ್ನು ಹಿಂದಕ್ಕೆ ಮಗುಚಿ, ಅಡಿಕೋಲು ತೆಗೆದುಕೊಂಡರು.

"ಆ ಮಂಗಳವಾರದಿಂದ ತಾರೀಖು ಓದು."

ಓದಿದೆ. ಒಂದೊಂದು ಸರಿ ಗುರುತಿನ ಮೇಲೂ ನೇರ ಗೆರೆ ಎಳೆದು, ಪಕ್ಕದಲ್ಲಿ "ತಾಳೆ ಆಗಿಲ್ಲ" ಎಂದು ಬರೆದರು. ಒಂಬತ್ತನೆಯದಕ್ಕೆ ಅಡಿಕೋಲು ಜಾರಿ ಗೆರೆ ಸೊಟ್ಟಗಾಯಿತು.

"ನಾನು ಬರೀಲಾ?"

"ಬೇಡ. ನೀನು ಓದು. ಜೋರಾಗಿ ಓದೋ, ಕೇಳಿಸ್ತಿಲ್ಲ."

ಮಿಕ್ಕ ಏಳು ತಾರೀಖುಗಳನ್ನು ಬೆರಳಿಟ್ಟು ತೋರಿಸಿದೆ.